ಬೆಂಡಿನ ಚಿಲುಮೆ

ಮುಸುಕಿನ ಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನು ನಮ್ಮ ಮಧುಗಿರಿ ಸೀಮೆಯಲ್ಲಿ ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಕಾಳು ಮೂಟೆ ಸೇರಿ ಮಂಡಿಗೆ ಹೋಗುತ್ತದೆ, ದಂಟು ದನದ ಪಾಲಾಗುತ್ತದೆ, ಬೆಂಡು ಮಾತ್ರ ಬಚ್ಚಲೊಲೆಯ ಪಕ್ಕದಲ್ಲಿ ರಾಶಿ ಬಿದ್ದು ಒಂದೊಂದು ಹಂಡೆ ನೀರಿಗೆ ಇಷ್ಟಿಷ್ಟಾಗಿ ಉರಿದು ಮುಗಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಉರಿಯದೆ ತಪ್ಪಿಸಿಕೊಂಡ ಹನ್ನೆರಡು ಬೆಂಡುಗಳು ಎರಡು ವರ್ಷದಿಂದ ಅಟ್ಟದ ಮೇಲೆ ಸಾಲಾಗಿ ಮಲಗಿವೆ. ಬಂದವರು ತಲೆಯೆತ್ತಿ ನೋಡಿ, "ಇದೇನ್ ಸ್ವಾಮಿ, ಇಲಿ ಬರಲ್ವಾ?" ಎಂದು ಕೇಳಿದರೆ ಒಂದನ್ನು ಇಳಿಸಿ ಅವರ ಕೈಗೆ ಕೊಡುತ್ತೇನೆ. ನೀವೂ ಬಂದು ಜಗಲಿಯ ಮೇಲೆ ಕೂತಿದ್ದೀರಿ ಎಂದುಕೊಂಡು ಈಗ ನಿಮ್ಮ ಕೈಗೂ ಒಂದು ಕೊಟ್ಟಿದ್ದೇನೆ. ಉಗುರಿನಿಂದ ತಟ್ಟಿ ನೋಡಿ. ಹಸಿ ಬೆಂಡು ಡಬ್ ಅನ್ನುತ್ತದೆ, ಇದು ಟಣ್ ಅನ್ನುತ್ತದೆ. ಇದು ಚಿಲುಮೆಯಾಗಲು ಹದಕ್ಕೆ ಬಂದ ಬೆಂಡು.

ಚಿಲುಮೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ನೀರು. ದೇವರಾಯನದುರ್ಗದ ತಪ್ಪಲಿನಲ್ಲಿ ನಾಮದ ಚಿಲುಮೆ ಇದೆ. ವನವಾಸದಲ್ಲಿದ್ದ ರಾಮನಿಗೆ ಹಣೆಗೆ ನಾಮ ತೇಯಲು ನೀರು ಸಿಗದಿದ್ದಾಗ ಬಂಡೆಗೆ ಬಾಣ ಬಿಟ್ಟನಂತೆ, ಅಲ್ಲಿ ಒರತೆ ಎದ್ದಿತಂತೆ. ಆರು ವರ್ಷದವನಿದ್ದಾಗ ಈ ಕಥೆಯನ್ನು ತಾತನ ಬಾಯಿಂದ ಕೇಳಿದೆ, ಆಗ ತಾತನ ಕೈಯಲ್ಲಿ ಹೊಗೆಯಾಡುತ್ತಿದ್ದುದು ಮಣ್ಣಿನ ಚಿಲುಮೆ. ಎರಡನ್ನೂ ಕೂಡಿಸಿ, "ರಾಮದೇವ್ರೂ ಸೇದ್ತಿದ್ನಾ ತಾತ?" ಎಂದು ಕೇಳಿದ್ದೆ. ತಾತ ಹೊಗೆಯನ್ನು ಪಕ್ಕಕ್ಕೆ ಬಿಟ್ಟು, "ಬಾಣದಾಗೆ ನೀರು ತೆಗೆಯೋನಿಗೆ ಹೊಗೆ ಯಾತಕ್ಕಲಾ ಮಗ?" ಅಂದಿದ್ದರು. ನೀರಿನ ಚಿಲುಮೆ ಕನ್ನಡದ ಹಳೆಯ ಮಾತು, ಹೊಗೆಯ ಚಿಲುಮೆ ಪಾರಸಿಯ ಚಿಲಂನಿಂದ ಕುದುರೆ ಹತ್ತಿ ಬಂದದ್ದು ಎಂದು ದೊಡ್ಡವನಾದ ಮೇಲೆ ತಿಳಿಯಿತು. ಆದರೂ ಆ ಮಗುವಿನ ಪ್ರಶ್ನೆಯಲ್ಲಿ ಏನೋ ಇತ್ತು ಎಂದೇ ಇವತ್ತಿಗೂ ಅನ್ನಿಸುತ್ತದೆ. ಏಕೆಂದರೆ ಕನ್ನಡದಲ್ಲಿ ಬಾವಿಯಿಂದ ನೀರನ್ನೂ ಸೇದುತ್ತೇವೆ, ಚಿಲುಮೆಯಿಂದ ಹೊಗೆಯನ್ನೂ ಸೇದುತ್ತೇವೆ. ಆಳದಲ್ಲಿರುವುದನ್ನು ದಮ್ಮು ಹಾಕಿ ಮೇಲಕ್ಕೆ ಎಳೆದುಕೊಳ್ಳುವುದಕ್ಕೆ ನಮ್ಮ ಜನ ಒಂದೇ ಮಾತು ಸಾಕೆಂದುಕೊಂಡರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮರಳು ಭೂಮಿಯಲ್ಲಿ ಸೇದದೆಯೂ ನೀರು ಸಿಗುತ್ತಿದ್ದ ಕಾಲವೊಂದಿತ್ತು. ಅದೇ ತಲಪರಿಗೆ. ಮರಳಿನಡಿಯ ಒರತೆಯನ್ನು ಕಾಲುವೆ ತೋಡಿ ಹೊಲಕ್ಕೆ ಹರಿಸಿಕೊಳ್ಳುವುದು, ಊರವರೆಲ್ಲ ಸೇರಿ ಹೂಳು ಎತ್ತುವುದು, ಸರದಿಯಂತೆ ನೀರು ಹಂಚಿಕೊಳ್ಳುವುದು. ತಾತ ಚಿಲುಮೆ ಹಚ್ಚುತ್ತಿದ್ದುದೇ ತಲಪರಿಗೆಯ ದಂಡೆಯ ಮೇಲೆ, ತನ್ನ ಸರದಿ ಕಾಯುತ್ತಾ. ಅಂಗೈಯಲ್ಲಿ ಹೊಗೆಸೊಪ್ಪು ಉಜ್ಜಿ ಪುಡಿ ಮಾಡಿ, ಚಿಲುಮೆಯ ತಳಕ್ಕೆ ಕಡಲೆಕಾಳಿನಷ್ಟು ಗುಂಡುಕಲ್ಲೊಂದನ್ನು ಇಳಿಬಿಟ್ಟು, ಅದರ ಮೇಲೆ ಪುಡಿ ತುಂಬಿ, ಕೆಳತುದಿಗೆ ಒದ್ದೆ ಬಟ್ಟೆ ಸುತ್ತಿ, ಬೆರಣಿಯ ಕೆಂಡ ಇಟ್ಟು ಸೇದುತ್ತಿದ್ದರು. ಆ ಕಲ್ಲು ಇಲ್ಲದಿದ್ದರೆ ಪುಡಿ ನೇರ ಬಾಯಿಗೇ ಬರುತ್ತದೆ. ಜಯಮಂಗಲಿ ಹೊಳೆಯ ಪಾತ್ರದಲ್ಲಿ ಹುಡುಕಿ ಆರಿಸಿದ ಕಲ್ಲು ಅದು. ಚಿಲುಮೆಗಳು ಎಷ್ಟೋ ಒಡೆದವು, ಕಲ್ಲು ಅದೇ ಇತ್ತು.

ಒಮ್ಮೆ ಜೋಳದ ಕಾವಲಿಗೆ ಹೋದಾಗ ಚಿಲುಮೆ ತಾತನ ಸೊಂಟದಿಂದ ಜಾರಿ ಬಂಡೆಯ ಮೇಲೆ ಬಿದ್ದು ನಾಲ್ಕು ಹೋಳಾಯಿತು. ಸಂತೆಗೆ ಇನ್ನೂ ಐದು ದಿನ. ತಾತ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಒಣ ಬೆಂಡೊಂದನ್ನು ಎತ್ತಿಕೊಂಡು ಕುಡುಗೋಲಿನಲ್ಲಿ ಎರಡು ಬೆರಳುದ್ದ ಕತ್ತರಿಸಿ, ನಡುವಿನ ಮೆದುವನ್ನು ಮೊಳೆಯಿಂದ ಕೆದಕಿ ತೆಗೆದು, ಪಕ್ಕದಲ್ಲಿ ತೂತು ಮಾಡಿ ಹೊಳೆದಂಡೆಯ ಲಾಳದ ಕಡ್ಡಿಯೊಂದನ್ನು ಸಿಕ್ಕಿಸಿದರು. ನಮ್ಮೂರಲ್ಲಿ ಬೆಂಡಿನ ಚಿಲುಮೆ ಮಾಡಿದವರನ್ನು ನಾನು ಕಂಡದ್ದು ಅದೊಂದೇ ಸಲ. ನಾಲ್ಕನೆಯ ದಿನಕ್ಕೆ ಅದರ ತಳ ಸುಟ್ಟು ಕೆಂಡ ಪಂಚೆಯ ಮೇಲೆ ಬಿತ್ತು, ಅಜ್ಜಿ ಆ ತೂತನ್ನು ಬಹಳ ದಿನ ಮರೆಯಲಿಲ್ಲ. ನಾನು ಮರೆಯದೆ ಉಳಿಸಿಕೊಂಡದ್ದು ಬೇರೆ: ಕೈಗೆ ಸಿಕ್ಕ ಕಸದಿಂದ ಒಬ್ಬ ಮುದುಕ ಹತ್ತು ನಿಮಿಷದಲ್ಲಿ ಉಸಿರಾಡುವ ವಸ್ತುವೊಂದನ್ನು ಮಾಡಿದ ಪರಿ.

ಸಮುದ್ರದಾಚೆ ಇದೇ ಕೆಲಸ ದೊಡ್ಡ ಉದ್ಯಮವಾಗಿ ಬೆಳೆದಿದೆ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಮೆರಿಕದ ಮಿಸೌರಿಯಲ್ಲಿ ವಾಷಿಂಗ್ಟನ್ ಎಂಬ ಪುಟ್ಟ ಊರಿದೆ, ರಾಜಧಾನಿಯಲ್ಲ, ಹೊಳೆದಂಡೆಯ ಊರು. ಹೆನ್ರಿ ಟಿಬ್ಬೆ ಎಂಬ ಡಚ್ ಮೂಲದ ಕಡೆಸಲು ಕೆಲಸಗಾರನ ಹತ್ತಿರ 1869ರಲ್ಲಿ ರೈತನೊಬ್ಬ ಬೆಂಡಿನ ಚಿಲುಮೆ ಹಿಡಿದುಕೊಂಡು ಬಂದು, ಇಂಥದ್ದನ್ನು ನಿನ್ನ ಲೇತಿನಲ್ಲಿ ಕಡೆದುಕೊಡು ಎಂದನಂತೆ. ಟಿಬ್ಬೆ ಕಡೆದ, ಅವು ಮಾರಾಟವಾದವು. ಬೆಂಡಿನ ಮೈಯ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ಉಜ್ಜಿದರೆ ಗಟ್ಟಿಯಾಗುತ್ತದೆ ಎಂದು ಕಂಡುಕೊಂಡು 1878ರಲ್ಲಿ ಪೇಟೆಂಟ್ ಪಡೆದ. ಆ ಕಾರ್ಖಾನೆ 1907ರಿಂದ ಮಿಸೌರಿ ಮೀರ್‌ಶಾಮ್ ಎಂಬ ಹೆಸರಿನಲ್ಲಿ ಇವತ್ತಿಗೂ ನಡೆಯುತ್ತಿದೆ. ಮೀರ್‌ಶಾಮ್ ಎಂದರೆ ಜರ್ಮನ್ ಭಾಷೆಯಲ್ಲಿ ಕಡಲ ನೊರೆ. ಚಿಲುಮೆ ಕೆತ್ತುವ ಬೆಳ್ಳನೆಯ ದುಬಾರಿ ಕಲ್ಲೊಂದರ ಹೆಸರು. ಬಡವನ ಬೆಂಡಿಗೆ ಕಡಲ ನೊರೆಯೆಂದು ಹೆಸರಿಟ್ಟವನ ಮನಸ್ಸು ನನಗೆ ಬಹಳ ಹಿಡಿಸಿದೆ. 1945ರ ಆಗಸ್ಟ್ 30ರಂದು ಸೋತ ಜಪಾನಿನ ನೆಲದಲ್ಲಿ ವಿಮಾನದಿಂದಿಳಿದ ಸೇನಾಪತಿ ಮೆಕಾರ್ಥರನ ಬಾಯಲ್ಲಿದ್ದುದೂ ಬೆಂಡಿನ ಚಿಲುಮೆಯೇ. ಆ ಚಿತ್ರವನ್ನು ಮೊದಲ ಸಲ ಕಂಡಾಗ ನನ್ನ ಕಣ್ಣು ಹೋದದ್ದು ಸೇನಾಪತಿಯ ಮುಖಕ್ಕಲ್ಲ, ಬೆಂಡಿನ ತಳಕ್ಕೆ. ಅವನದು ಸುಟ್ಟಿರಲಿಲ್ಲ.

ಏಕೆ ಸುಟ್ಟಿರಲಿಲ್ಲ ಎಂಬುದೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು. ಅವರು ಬೆಂಡನ್ನು ಎರಡು ವರ್ಷ ಒಣಗಿಸುತ್ತಾರೆ. ದಪ್ಪ ಬೆಂಡು ಬೇಕೆಂದೇ ಬೇರೆ ಜೋಳ ಬೆಳೆಸುತ್ತಾರೆ. ಉಳಿದ ಲೋಕವೆಲ್ಲ ಬೆಂಡು ತೆಳುವಾಗಲಿ, ಕಾಳು ದಪ್ಪವಾಗಲಿ ಎಂದು ಹೊರಟಿದೆಯಲ್ಲ. ನಮ್ಮಲ್ಲೂ ಅಷ್ಟೆ. 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಎಂಬ ದೇಶದ ಮೊದಲ ಹೈಬ್ರಿಡ್ ಜೋಳಗಳು ಬಂದಾಗಿನಿಂದ ಬೆಂಡು ಕೃಶಾಂಗಿಯಾಗುತ್ತಲೇ ಬಂದಿದೆ. ಈಗಿನ ತೆನೆಯ ಬೆಂಡಿನಲ್ಲಿ ತೂತು ಕೊರೆದರೆ ಗೋಡೆಯೇ ಉಳಿಯುವುದಿಲ್ಲ. ಕೊನೆಗೆ ಕೊರಟಗೆರೆ ಕಡೆಯ ಗೆಳೆಯರೊಬ್ಬರು ಮನೆಗೆಂದು ಬದುವಿನ ಮೇಲೆ ಹಾಕಿದ್ದ ನಾಟಿ ಜೋಳದಿಂದ ನನ್ನ ಹನ್ನೆರಡು ಬೆಂಡು ಸಿಕ್ಕವು. ಮೊದಲ ಬೇಸಿಗೆ ಅವನ್ನು ಪಾವಗಡದ ಚಿಕ್ಕಮ್ಮನ ಮನೆಯ ಮಾಳಿಗೆಯ ಮೇಲೆ ಒಣಹಾಕಿದೆ. ಅಲ್ಲಿ ತೆಲುಗು ಬೆರೆತ ಮಾತು, ಜೋಳಕ್ಕೆ ಮೊಕ್ಕಜೊನ್ನ ಅನ್ನುತ್ತಾರೆ. ಆ ಊರಿನ ಬಿಸಿಲನ್ನು ನಾವು ಹುಡುಗರಾಗಿದ್ದಾಗ ಶಾಪ ಅಂತಿದ್ದೆವು. 2018ರಿಂದ ತಿರುಮಣಿ ಸುತ್ತಿನ 13,000 ಎಕರೆಯಲ್ಲಿ ಅದೇ ಬಿಸಿಲು ಕರೆಂಟಾಗಿ ನಾಡಿಗೆಲ್ಲ ಹರಿಯುತ್ತಿದೆ. ನನ್ನ ಬೆಂಡುಗಳೂ ಅದರಲ್ಲಿ ಒಂದು ಪಾಲು ಕುಡಿದವು.

ಇಲ್ಲೊಂದು ಸುತ್ತು ಹಾಕಿ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜೋಳವೂ ಹೊಗೆಸೊಪ್ಪೂ ನಮ್ಮವಲ್ಲ. 1492ರ ನವೆಂಬರಿನಲ್ಲಿ ಕ್ಯೂಬಾದ ಒಳನಾಡು ನೋಡಿಬರಲು ಕೊಲಂಬಸ್ ಕಳಿಸಿದ ಇಬ್ಬರು ಆಳುಗಳು ಒಂದೇ ಪಯಣದಲ್ಲಿ ಜೋಳವನ್ನೂ ಕಂಡರು, ಹೊಗೆ ಸೇದುವವರನ್ನೂ ಕಂಡರು. ನಮ್ಮ ಉತ್ತರದ ಬಿಜಾಪುರಕ್ಕೆ ಹೊಗೆಸೊಪ್ಪು ಬೇಗನೆ ಬಂದಿತ್ತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಅದನ್ನು ಅಲ್ಲೇ ಮೊದಲು ಕಂಡು ಬೆರಗಾಗಿ, ರತ್ನ ಕೂರಿಸಿದ ಮೂರು ಮೊಳದ ಕೊಳವೆಯ ಸಮೇತ ಬಾದಶಹನಿಗೆ ಒಯ್ದುಕೊಟ್ಟ. ಅಕ್ಬರ್ ಎರಡು ದಮ್ಮು ಎಳೆದ, ವೈದ್ಯ ಬೇಡವೆಂದ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ಹೊಗೆಸೊಪ್ಪನ್ನೇ ನಿಷೇಧಿಸಿದ. ಅದೇ ಬಿಜಾಪುರದ ಅಧಿಕಾರಿ ಮಲಿಕ್ ರಿಹಾನ್ ಶಿರಾದಲ್ಲಿ ಆಳಿದ, 1651ರ ಅವನ ಗೋರಿ ಅಲ್ಲಿದೆ. ಆ ದಂಡಿನ ಜೊತೆಗೇ ಚಿಲುಮೆ ನಮ್ಮ ಸೀಮೆಗೆ ಇಳಿದಿರಬೇಕು ಎಂಬುದು ನನ್ನ ಊಹೆ, ಊಹೆ ಮಾತ್ರ. ಅಂತೂ ಒಂದೇ ದ್ವೀಪದಲ್ಲಿ ಒಟ್ಟಿಗೆ ಕಣ್ಣಿಗೆ ಬಿದ್ದ ಎರಡು ಗಿಡಗಳು ಬೇರೆ ಬೇರೆ ದಾರಿಯಲ್ಲಿ ಅರ್ಧ ಲೋಕ ಸುತ್ತಿ, ನಮ್ಮ ಹೊಲದ ಬಂಡೆಯ ಮೇಲೆ, ತಾತನ ತೊಡೆಯ ಮೇಲೆ, ಮತ್ತೆ ಒಂದನ್ನೊಂದು ಕೂಡಿದವು.

ಸರಿ, ಕೆಲಸಕ್ಕೆ ಬರೋಣ. ಬೆಂಡನ್ನು ಅಡ್ಡ ಕತ್ತರಿಸಿದರೆ ಮೂರು ಪದರ ಕಾಣುತ್ತದೆ: ಹೊರಗೆ ಹೊಟ್ಟು, ನಡುವೆ ಮರದಂಥ ಬಳೆ, ಒಳಗೆ ಮೆದು. ಬೆಂಕಿ ತಡೆಯುವುದು ಆ ಬಳೆ. ದಪ್ಪ ತುದಿಯಿಂದ ಮೂರು ಬೆರಳುದ್ದ ಕತ್ತರಿಸಿ, ಮೆದುವನ್ನು ಬೈರಿಗೆಯಿಂದ ಕೊರೆಯಬೇಕು, ತಳದಲ್ಲಿ ಒಂದು ಬೆರಳು ದಪ್ಪ ಬಿಡಬೇಕು. ತಾತ ಬಿಡದೆ ಕೆದಕಿದ್ದು ಅಲ್ಲೇ. ಕೊಳವೆಗೆ ಬಿದಿರು. ಅದರ ಗೆಣ್ಣನ್ನು ಕೆಂಪಗೆ ಕಾಯಿಸಿದ ಸೈಕಲ್ ಕಡ್ಡಿಯಿಂದ ಸುಟ್ಟು ತೂತು ಮಾಡುತ್ತೇನೆ. ಪಕ್ಕದ ತೂತು ಬಟ್ಟಲಿನ ನೆಲಕ್ಕೆ ಸರಿಯಾಗಿ ಬಂದು ಕೂಡಬೇಕು. ಮೇಲಾದರೆ ತಳದ ಪುಡಿ ಉರಿಯದೆ ಒದ್ದೆಯಾಗುತ್ತದೆ, ಕೆಳಗಾದರೆ ತಳವೇ ಹೋಗುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಧೂಮಪಾನದ ಪ್ರಸಂಗವಿದೆ, ಹೊಗೆಸೊಪ್ಪಿನದಲ್ಲ, ಔಷಧದ ಹೊಗೆಯದು. ಅಲ್ಲಿ ಹೇಳುವ ಧೂಮನೇತ್ರ ನೆಟ್ಟಗಿರಬೇಕು, ಮೂರು ಕಡೆ ಉಬ್ಬಿರಬೇಕು, ತುದಿ ಎಲಚಿ ಬೀಜದ ಪ್ರಮಾಣಕ್ಕಿರಬೇಕು. ಧೂಮನೇತ್ರ! ತಾತ ಚುಂಗಾಣಿ ಅನ್ನುತ್ತಿದ್ದ ವಸ್ತುವಿಗೆ ಎಂಥ ಗಂಭೀರ ನಾಮಧೇಯ. ನಾನೂ ಬೇಲಿಯ ಎಲಚಿಯಿಂದ ಒಂದು ಬೀಜ ತಂದಿಟ್ಟುಕೊಂಡಿದ್ದೇನೆ, ಕೊಳವೆಯ ಬಾಯಿಗೆ ಅದೇ ನನ್ನ ಅಳತೆಗೋಲು.

ಕೊರೆಯುವುದು ಅರ್ಧ ದಿನ, ಮೈ ತಿದ್ದುವುದು ವಾರ. ಪಿಒಪಿಯನ್ನು ಮೊಸರಿನ ಹದಕ್ಕೆ ಕಲಸಿ ಬೆಂಡಿನ ಮೈಗೆ ಹೆಬ್ಬೆರಳಿನಿಂದ ಒತ್ತಿ ತೀಡಬೇಕು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಬೇಕು, ಮೊದಲು ಒರಟು, ಆಮೇಲೆ ನಯ. ಉಜ್ಜುತ್ತಾ ಹೋದಂತೆ ಕಾಳು ಕೂತಿದ್ದ ಗುಳಿಗಳು ಒಂದೊಂದಾಗಿ ಬಿಳಿಯ ಕಣ್ಣು ಬಿಡುತ್ತವೆ, ಸುತ್ತಲೂ ಕಂದು ಗೆರೆ. ಸಾಲುಗಳನ್ನು ಎಣಿಸಿ ನೋಡಿ: ಹನ್ನೆರಡು, ಹದಿನಾಲ್ಕು, ಹದಿನಾರು, ಸಾಮಾನ್ಯವಾಗಿ ಸಮಸಂಖ್ಯೆಯೇ. ಜೋಳದ ಹೂಗಳು ಜೋಡಿಜೋಡಿಯಾಗಿ ಹುಟ್ಟುವುದರಿಂದ ಹಾಗೆ. ಮೊದಲ ಚಿಲುಮೆಗೆ ಚನ್ನಪಟ್ಟಣದ ಬೊಂಬೆಗಳಂತೆ ಕೆಂಪು ಅರಗು ಹಾಕಿದೆ, ಕೇದಗೆ ಎಲೆಯಿಂದ ತಿಕ್ಕಿದಾಗ ಕನ್ನಡಿಯ ಹಾಗೆ ಹೊಳೆಯಿತು. ಕೆಂಡ ತೋರಿಸಿದ್ದೇ ತಡ, ಅರಗು ಗುಳ್ಳೆಯೆದ್ದು ಬೆರಳಿಗೆ ಅಂಟಿತು. ಅರಗು ಬೆಂಕಿಗೆ ಆಗಿಬರುವುದಿಲ್ಲ, ಪಾಂಡವರ ಕಾಲದಿಂದಲೂ. ಈಗ ಜೇನುಮೇಣ ಹಚ್ಚುತ್ತೇನೆ. ಹಳಬರು ಮದ್ದಗಿರಿ ಅನ್ನುತ್ತಿದ್ದ ನಮ್ಮೂರು ಮಧುಗಿರಿಯಾದದ್ದು ಬೆಟ್ಟದ ಜೇನಿನಿಂದ ಎನ್ನುತ್ತಾರೆ. ಮೇಣವನ್ನು ಅಂಗೈ ಬಿಸಿಗೆ ಮೆದುವಾಗಿಸಿ ತಿಕ್ಕಿದರೆ ಬೆಂಡು ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಬಿಳಿಯ ಕಣ್ಣುಗಳು ಹಳದಿಗೆ ತಿರುಗುತ್ತವೆ, ಬೆಂಡು ಜೇನು ಎರಿಯ ತುಂಡಿನಂತೆಯೇ ಕಾಣುತ್ತದೆ.

ಆಮೇಲೆ ಬಾಯಿಗಿಟ್ಟು ಬರಿ ಗಾಳಿ ಸೇದುತ್ತೇನೆ. ಅಷ್ಟೇ. ಹೊಗೆ ಸೇದುವುದಿಲ್ಲ. ತಾತನ ಕೊನೆಯ ಎರಡು ಚಳಿಗಾಲ ನಡುರಾತ್ರಿಯ ಕೆಮ್ಮಿನಲ್ಲೇ ಕಳೆದವು, ಪಡಸಾಲೆಯಲ್ಲಿ ಅವರ ಪಕ್ಕ ಮಲಗುತ್ತಿದ್ದವನು ನಾನು. ಕೆಮ್ಮು ನಿಂತಾಗ ಉಸಿರು ಮತ್ತೆ ಬರುವ ತನಕ ಕತ್ತಲಲ್ಲಿ ಎಣಿಸುತ್ತಿದ್ದೆ. ಚಿಲುಮೆಯ ಮೇಲಿನ ಪ್ರೀತಿ, ಹೊಗೆಯ ಮೇಲಿನ ಸಿಟ್ಟು ಎರಡೂ ಅಂದಿನಿಂದ ನನ್ನಲ್ಲಿ ಒಟ್ಟಿಗೇ ಇವೆ. ಗಾಳಿ ಎಲ್ಲೂ ತಡೆಯದೆ, ಸಿಳ್ಳೆ ಹೊಡೆಯದೆ, ಮೇಣದ ವಾಸನೆ ಹೊತ್ತು ಬಂದರೆ ಕೆಲಸ ಮುಗಿಯಿತು ಎಂದರ್ಥ.

ಹೋದ ತಿಂಗಳು ಮುಗಿದದ್ದಕ್ಕೆ ತಾತನ ಗುಂಡುಕಲ್ಲನ್ನು ಹಾಕಿ ನೋಡಿದೆ. ಅಜ್ಜಿ ಅದನ್ನು ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲಿನ ಪಕ್ಕ ಇಟ್ಟಿದ್ದಳು, ಅವಳ ಕಾಲದ ನಂತರ ನನ್ನ ಹತ್ತಿರ ಉಳಿದಿದೆ. ಪಕ್ಕದಲ್ಲಿ ತೂತಿರುವ ಚಿಲುಮೆಗೆ ಕಲ್ಲಿನ ಕೆಲಸವಿಲ್ಲ, ಆದರೂ ಒಳಗೆ ಬಿಟ್ಟೆ. ಪಕ್ಕದಲ್ಲಿದ್ದ ಏಳು ವರ್ಷದ ಮೊಮ್ಮಗಳು ಬಟ್ಟಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಅಲ್ಲಾಡಿಸಿದಳು. ಗಿಲಕ್ ಗಿಲಕ್ ಎಂದಿತು.

"ಗಿಲಕಿ ಮಾಡಿದ್ದೀಯ ತಾತ! ಇದಕ್ಕೆ ಬಣ್ಣ ಯಾಕೆ ಹಾಕಿಲ್ಲ?"

"ಯಾವ ಬಣ್ಣ ಹಾಕಲಮ್ಮ?"

"ಕೆಂಪು."

ಉಳಿದ ಅರಗಿನ ಕಡ್ಡಿ ಎಲ್ಲಿಟ್ಟೆನೋ ಎಂದು ಅಟ್ಟದ ಮೇಲೆ ಹುಡುಕುತ್ತಿದ್ದೇನೆ. ಆ ಬೆಂಡನ್ನು ಕೊಡಿ ಇತ್ತ, ಅದಕ್ಕೊಂದು ಮುಚ್ಚಳ ಕಡೆಯಬೇಕು.