ಊರ ಕಣಜ

ಹಸಿದು ಬಂದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಇಕ್ಕುವ ಕೈ ಎಂದೆಂದಿಗೂ ಮೇಲೆಯೂ, ಒಡ್ಡುವ ಕೈ ಎಂದೆಂದಿಗೂ ಕೆಳಗೆಯೂ ಇರುವುದಾದರೆ, ಆ ಅನ್ನದಿಂದ ಹೊಟ್ಟೆ ತುಂಬೀತೇ ಹೊರತು ಮನಸ್ಸು ತುಂಬದು. ವಾರಾನ್ನವನ್ನುಂಡು ಪಾಠಶಾಲೆಗಳಲ್ಲಿ ಓದಿದ ಹುಡುಗರು ಇದನ್ನು ಚೆನ್ನಾಗಿ ಬಲ್ಲರು. ಗೃಹಿಣಿಯು ಎಷ್ಟೇ ದಯಾವತಿಯಾಗಿದ್ದರೂ, ಎಲೆಯ ಮುಂದೆ ಕುಳಿತು ಎರಡನೆಯ ಸಲ ಅನ್ನವನ್ನು ಕೇಳಲು ಅವರಿಗೆ ನಾಲಗೆ ಏಳುತ್ತಿರಲಿಲ್ಲ.

ಒಬ್ಬ ಹುಡುಗನಲ್ಲ, ಒಂದು ಸೀಮೆಯೇ ವಾರಾನ್ನಕ್ಕೆ ಕುಳಿತರೆ ಹೇಗೆ? ಬೀದರಕ್ಕೆ ನೆರೆಯಾದ ಜಹೀರಾಬಾದದ ಸುತ್ತಣ ಹಳ್ಳಿಗಳಲ್ಲಿ ಈ ಪ್ರಶ್ನೆ ಎದ್ದಿತು. 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದ ಈ ಪ್ರಾಂತವು ಇಂದು ತೆಲಂಗಾಣದಲ್ಲಿದೆ. ಅದು ಮಳೆಯನ್ನೇ ನಂಬಿದ ಜೋಳದ ನೆಲ. ಅಲ್ಲಿಯ ಬಡವರಿಗೆ ಸರ್ಕಾರದಿಂದ ಭೂಮಿ ದೊರೆತಿದ್ದರೂ ಅದು ಕಲ್ಲುನೆಲ. ಉಳಲು ಎತ್ತಿಲ್ಲ, ಹಾಕಲು ಗೊಬ್ಬರವಿಲ್ಲ. ಇತ್ತ 1983ರಲ್ಲಿ ಆಂಧ್ರಪ್ರದೇಶದ ಸರ್ಕಾರವು ಕಿಲೋಗ್ರಾಮಿಗೆ 2 ರೂಪಾಯಿಯಂತೆ ಅಕ್ಕಿಯನ್ನು ಕೊಡತೊಡಗಿತು. ಆ ಅಕ್ಕಿಯು ಎಷ್ಟೋ ಒಲೆಗಳನ್ನು ಆರದಂತೆ ಕಾಯ್ದಿತು. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ದೂರದ ಅಕ್ಕಿ ಅಂಗಡಿಗೆ ಬಂದಂತೆಲ್ಲ ಮನೆಯ ಮುಂದಣ ಜೋಳದ ಹೊಲ ಬೀಳಾಗುತ್ತ ಹೋಯಿತು.

ಅದೇ 1983ರಲ್ಲಿ, ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ದುಡಿದಿದ್ದ ಪಿ. ವಿ. ಸತೀಶರೂ ಅವರ ಮಿತ್ರರೂ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯನ್ನು ಕಟ್ಟಿದರು. ಊರೂರಿನಲ್ಲಿ ಬಡ ಸ್ತ್ರೀಯರ ಸಂಘಗಳಾದವು. ಅವರಲ್ಲಿ ಬಹುಮಂದಿ ದಲಿತರು. 1990ರ ದಶಕದ ನಡುವೆ, ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ, ಬೀಳುಭೂಮಿಯ ಎಕರೆಯೊಂದಕ್ಕೆ ಸುಮಾರು 2,700 ರೂಪಾಯಿಗಳಂತೆ ಈ ಸಂಘಗಳ ಮೂಲಕ ಹಣ ಸಂದಿತು. ಸುಮಾರು 30 ಗ್ರಾಮಗಳಲ್ಲಿ 2,500 ಎಕರೆಗೂ ಮಿಕ್ಕು ಭೂಮಿ ಉಳುಮೆಯನ್ನು ಕಂಡಿತು.

ಇದರಲ್ಲಿ ಒಂದು ವಿಶೇಷವುಂಟು. ಪಡೆದ ಹಣವನ್ನು ಹಣವಾಗಿ ಹಿಂದಿರುಗಿಸಬೇಕಾಗಿರಲಿಲ್ಲ. ಐದು ವರ್ಷಗಳ ಕಂತಿನಲ್ಲಿ ಜೋಳವನ್ನಳೆದು ಕೊಡಬೇಕು. ಆ ಜೋಳವೂ ಪಟ್ಟಣದ ಉಗ್ರಾಣಕ್ಕೆ ಹೋಗದೆ ಆಯಾ ಊರ ಕಣಜವನ್ನೇ ಸೇರಿತು. ಕೂಲಿಯೂ ಕಾಳೂ ಎರಡೂ ತೀರುವ ದಿನಗಳಲ್ಲಿ ಅದು ಕಡಮೆ ಬೆಲೆಗೆ ಬಡವರ ಮನೆಗೆ ಮರಳಿತು. ಯಾರು ಬಡವರು, ಯಾರು ಕಡುಬಡವರು ಎಂಬುದನ್ನು ನಿಶ್ಚಯಿಸಿದವರು ಕಚೇರಿಯ ಗುಮಾಸ್ತರಲ್ಲ. ಒಬ್ಬರ ಮನೆಯ ಒಲೆಯನ್ನು ಮತ್ತೊಬ್ಬರು ಬಲ್ಲ ಊರವರೇ ಒಟ್ಟಾಗಿ ಕುಳಿತು ನಿಶ್ಚಯಿಸಿದರು.

ಅನ್ನವನ್ನು ನಿಂದಿಸಬಾರದು, ಅದನ್ನು ಹೆಚ್ಚಿಸಬೇಕು ಎಂಬುದು ತೈತ್ತಿರೀಯೋಪನಿಷತ್ತಿನ ವಿಧಿ. ಹೆಚ್ಚಿಸುವುದೆಂದರೆ ಹಂಚುವುದು ಮಾತ್ರವೆಂದು ಉಳ್ಳವರು ತಿಳಿಯುವುದುಂಟು. ಇಲ್ಲದವನ ಹೊಲದಲ್ಲಿ ಬೆಳೆಯುವಂತೆ ಮಾಡುವುದೂ ಹೆಚ್ಚಿಸುವುದೇ ಅಲ್ಲವೆ? ಮಳೆ ತಪ್ಪಿದ ವರ್ಷ ಊರ ಕಣಜವೂ ಬರಿದಾಗುವುದೆಂಬ ಆಕ್ಷೇಪಣೆ ನಿಜವಾದುದೇ. ಆದಕಾರಣ ದೂರದ ಉಗ್ರಾಣವು ಬೇಡವೆನ್ನುವಂತಿಲ್ಲ. ಆದರೆ ಅದು ಆಪತ್ತಿಗಾಗುವ ನೆಂಟನಾಗಿರಬೇಕು, ನಿತ್ಯದ ಯಜಮಾನನಾಗಬಾರದು.

2019ರಲ್ಲಿ ಆ ಸಂಸ್ಥೆಗೆ ವಿಶ್ವಸಂಸ್ಥೆಯ ಕಡೆಯಿಂದ ಈಕ್ವೇಟರ್ ಪ್ರಶಸ್ತಿ ಬಂದಿತು; 2023ರಲ್ಲಿ ಸತೀಶರು ತೀರಿಕೊಂಡರು. ಪ್ರಶಸ್ತಿಗಿಂತಲೂ ನೆನಪಿನಲ್ಲಿಡಬೇಕಾದುದು ಬೇರೊಂದಿದೆ. ಹಿಂದೆ ಕೈಯೊಡ್ಡಿದ್ದವಳೇ ಸುಗ್ಗಿಯಲ್ಲಿ ತನ್ನ ಪಾಲಿನ ಜೋಳವನ್ನು ಊರ ಕಣಜಕ್ಕೆ ಅಳೆದು ಸುರಿದಳು. ಮುಂದಿನ ಮಳೆಗಾಲದಲ್ಲಿ ತಾನೇ ಅದನ್ನು ಕೇಳಬೇಕಾಗಿ ಬಂದರೂ, ಎರಡನೆಯ ಸಲ ಕೇಳಲು ಅವಳಿಗೆ ಸಂಕೋಚವೇತಕ್ಕೆ?