ಅರ್ರೀಬಾ ಅಂದರೆ ಮೇಲೆ

ಸಾಂಟಿಯಾಗೊದಿಂದ ಬಂದ ಬಸ್ಸು ವಾಲ್ಪರಾಯಿಸೊದಲ್ಲಿ ನನ್ನನ್ನು ಇಳಿಸಿದಾಗ ಮಧ್ಯಾಹ್ನ. ಉಳಿಯಬೇಕಿದ್ದ ಮನೆ ನಕ್ಷೆಯ ಪ್ರಕಾರ ಎರಡೇ ಬೀದಿಯಾಚೆ. ಅರ್ಧ ಗಂಟೆ ಸುತ್ತಿದರೂ ಸಿಗಲಿಲ್ಲ. ಬ್ರೆಡ್ಡಿನಂಗಡಿಯ ಹೆಂಗಸನ್ನು ಕೇಳಿದೆ. ಆಕೆ ಎಡ, ಬಲ ಏನೂ ಹೇಳದೆ ಗದ್ದ ಎತ್ತಿ "ಅರ್ರೀಬಾ" ಅಂದಳು. ಮೇಲೆ! ಕತ್ತೆತ್ತಿದರೆ ನೆತ್ತಿಗೆ ನೇರವಾಗಿ, ಗುಡ್ಡದ ಅಂಚಿಗೆ ಆತುಕೊಂಡು ಬಣ್ಣಬಣ್ಣದ ತಗಡಿನ ಮನೆಗಳು.

ಚಿಲಿ ದೇಶದ ಈ ಬಂದರಿಗೆ ಎರಡೇ ಭಾಗ. ಕಡಲಂಚಿನ ಸಪಾಟು ನೆಲ 'ಪ್ಲಾನ್', ಅದರ ಬೆನ್ನಿಗೆ ಎದ್ದ ನಲವತ್ತಕ್ಕೂ ಹೆಚ್ಚು ಗುಡ್ಡಗಳು 'ಸೆರ್ರೊ'. ಘಟ್ಟದ ಮೇಲೆ, ಘಟ್ಟದ ಕೆಳಗೆ ಎನ್ನುವ ಮಾತಿನಲ್ಲೇ ಬೆಳೆದ ನನಗೆ ಈ ಲೆಕ್ಕ ಬೇಗ ತಲೆಗೆ ಹತ್ತಿತು. ಮೀನಖಂಡಕ್ಕೆ ಹತ್ತಲು ಎರಡು ದಿನ ಬೇಕಾಯಿತು.

ಮೆಟ್ಟಿಲು ಸಾಕೆನಿಸಿದವರಿಗೆ 'ಅಸೆನ್ಸೋರ್' ಇದೆ. ಹಳಿಯ ಮೇಲೆ ಗುಡ್ಡ ಹತ್ತುವ ಮರದ ಡಬ್ಬಿ ಅದು. ಎರಡು ಡಬ್ಬಿಗಳನ್ನು ಉಕ್ಕಿನ ಹಗ್ಗದಿಂದ ಜೋಡಿಸಿರುತ್ತಾರೆ. ಒಂದು ಇಳಿದರೆ ಅದರ ಭಾರಕ್ಕೆ ಇನ್ನೊಂದು ಹಗುರಾಗಿ ಏರುತ್ತದೆ. ಇವುಗಳಲ್ಲಿ ಅತಿ ಹಳೆಯದು 1883ರ ಕೊನ್ಸೆಪ್ಸಿಯೋನ್. ನಡುದಾರಿಯಲ್ಲಿ ಎದುರು ಡಬ್ಬಿ ಪಕ್ಕಕ್ಕೆ ಬಂದಾಗ, ಅದರೊಳಗೆ ತರಕಾರಿ ಚೀಲ ಹಿಡಿದು ನಿಂತಿದ್ದ ಅಜ್ಜಿಯ ಮುಖ ಒಂದು ಕ್ಷಣ ನನ್ನ ಮುಖಕ್ಕೆ ಸಮನಾಗಿ ತೇಲಿ ಹೋಯಿತು. ಅಂಥ ಭೇಟಿ ನನಗೆ ಬೇರೆ ಯಾವ ಊರಿನಲ್ಲೂ ಆಗಿಲ್ಲ.

ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬರುತ್ತಿದ್ದ ಹಡಗುಗಳಿಗೆ ಈ ಊರು ದೊಡ್ಡ ತಂಗುದಾಣವಾಗಿತ್ತು. 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ಹಡಗುಗಳು ಹತ್ತಿರದ ದಾರಿ ಹಿಡಿದವು, ಊರಿನ ಸಿರಿ ಇಳಿಯಿತು. ಆದರೆ ಆ ಕಾಲದ ಅಲೆಅಲೆ ತಗಡು ಗೋಡೆಗಳ ಮೇಲೆ ಉಳಿದುಕೊಂಡಿತು. ಮಣ್ಣು, ಮರದ ಗೋಡೆಗೆ ಉಪ್ಪುಗಾಳಿ ಮಳೆ ತಾಗದಂತೆ ತಗಡು, ತಗಡಿಗೆ ತುಕ್ಕು ಹಿಡಿಯದಂತೆ ಬಣ್ಣ. 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೇಪೇಟೆಯ ಚೆಲುವಿನ ಬೇರು ಈ ಕಾಳಜಿಯಲ್ಲೇ ಇದೆ ಎಂದು ನನಗೆ ಗೋಡೆ ಮುಟ್ಟಿದಾಗ ಅನಿಸಿತು.

ಕವಿ ಪಾಬ್ಲೊ ನೆರೂದ ಅವರ ಮನೆ 'ಲಾ ಸೆಬಾಸ್ಟಿಯಾನಾ' ನೋಡಿದೆ. ಕಿಟಕಿಯ ತುಂಬ ಕಡಲು. ಬಹಳ ಹೊತ್ತು ನಿಲ್ಲಲಿಲ್ಲ. ಪ್ರವಾಸಿಗಳು ಅಲ್ಲಿಂದ ಕೆಳಗಿಳಿಯುತ್ತಾರೆ. ನಾನು ಅಲೆಮಾನಿಯಾ ರಸ್ತೆ ದಾಟಿ ಇನ್ನೂ ಮೇಲಕ್ಕೆ, ಲಾ ಕ್ರೂಸ್ ಗುಡ್ಡದ ಕಡೆ ಹೊರಟೆ.

ಪ್ರವಾಸಿಗಳು ಸುತ್ತುವ ಕೆಳಗಿನ ಗುಡ್ಡಗಳಂತೆ ಅಲ್ಲಿ ಚಿತ್ರ ಬರೆದ ಗೋಡೆಗಳಿಲ್ಲ. 2014ರ ಏಪ್ರಿಲ್‌ನಲ್ಲಿ ಕಾಡಿನಿಂದ ಹೊರಟ ಬೆಂಕಿ ಗಾಳಿಯ ಜೊತೆ ಕೊರಕಲುಗಳಲ್ಲಿ ನುಗ್ಗಿ ಈ ಸಾಲಿನ ಗುಡ್ಡಗಳಲ್ಲಿ 2,000ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. 15 ಜನ ಸತ್ತರು. ದೇಶದ ಮೊದಲ ಸ್ವಯಂಸೇವಕ ಅಗ್ನಿಶಾಮಕ ದಳ ಹುಟ್ಟಿದ್ದು 1851ರಲ್ಲಿ, ಇದೇ ಊರಿನಲ್ಲಿ. ಆದರೆ ಇಂಥ ಇಕ್ಕಟ್ಟು ಓಣಿಗಳಲ್ಲಿ ಅದರ ಬಂಡಿ ಎಲ್ಲಿ ನುಗ್ಗೀತು?

ಮೆಟ್ಟಿಲೊಂದರ ತಿರುವಿನಲ್ಲಿ ಮುದುಕನೊಬ್ಬ ಗ್ಯಾಸ್ ಸಿಲಿಂಡರ್ ಇಳಿಸಿ ಏದುಸಿರು ಬಿಡುತ್ತಿದ್ದ. ಇನ್ನೊಂದು ಕಡೆ ನಾನು ಹಿಡಿದೆ. ಅರವತ್ತೆರಡು ಮೆಟ್ಟಿಲು ಎಣಿಸಿದೆ. ಅವನ ಮನೆಯ ತಗಡು ಹೊಚ್ಚ ಹೊಸದು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಬಣ್ಣ ಯಾಕಿಲ್ಲ ಎಂದು ಹರಕು ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಅವನಿಗೆ ನೀಲಿ ಬೇಕಂತೆ, ಹೆಂಡತಿಗೆ ಹಳದಿ. ಬೇಸಿಗೆಯೊಳಗೆ ತೀರ್ಮಾನ ಆಗಬೇಕು ಅಂದ, ನನಗೆ ಒಂದು ಲೋಟ ನೀರು ಕೊಡುತ್ತ.