ಸೋರುವ ಹೆಂಚಿನ ಕೆಳಗೆ

ಸಣ್ಣಕಥೆಯ ಚರ್ಚೆಯಲ್ಲಿ ಬರುವ ‘ಆವರಣ’ ಎಂಬ ಮಾತು ಘಟನೆ ನಡೆಯುವ ಜಾಗ, ಹೊತ್ತು, ಹವೆ ಮತ್ತು ಅಲ್ಲಿನ ಬದುಕಿನ ರೂಢಿಗಳನ್ನು ಒಟ್ಟಾಗಿ ಸೂಚಿಸುತ್ತದೆ. ಅದನ್ನು ನಾಟಕದ ಹಿಂಪರದೆಯೆಂದು ಬಗೆಯುವವರು ಪರದೆ ಬದಲಾದರೂ ಆಟ ಅದೇ ಎಂದು ನಂಬುತ್ತಾರೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಸುಮಾರು 20 ಕಿಲೋಮೀಟರನ್ನು ಕಥೆಯೊಂದನ್ನು ಹೊತ್ತು ದಾಟಿದವರಿಗೆ ಆ ನಂಬಿಕೆ ಉಳಿಯುವುದು ಕಷ್ಟ.

ಬೆಳದಿಂಗಳು, ತಂಗಾಳಿ, ತೋಟಗಳನ್ನು ಹಳೆಯ ಕಾವ್ಯಮೀಮಾಂಸೆ ‘ಉದ್ದೀಪನ ವಿಭಾವ’ವೆಂದು ಕರೆಯಿತು; ಎದೆಯಲ್ಲಿ ಆಗಲೇ ಇರುವ ಭಾವದ ಕೆಂಡಕ್ಕೆ ಗಾಳಿ ಊದುವ ಸಂಗತಿಗಳೆಂದು ಅದರ ಅರ್ಥ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಮೊದಲಾದ ಹದಿನೆಂಟು ವರ್ಣನೆಗಳನ್ನು ಮಹಾಕಾವ್ಯದ ಲಕ್ಷಣವೆಂದೇ ಎಣಿಸಿದ್ದರಿಂದ ಗದ್ಯಪದ್ಯ ಬೆರೆಸಿ ಬರೆದ ಚಂಪೂಕವಿಗಳಿಗೆ ಊದಲು ಬೇಕಾದಷ್ಟು ಬಿಡುವಿತ್ತು. ಸಣ್ಣಕಥೆಗೆ ಆ ಬಿಡುವಿಲ್ಲ. ಹಾಥಾರ್ನನ ಕಥೆಗಳನ್ನು ವಿಮರ್ಶಿಸುತ್ತ ಎಡ್ಗರ್ ಅಲನ್ ಪೋ 1842ರಲ್ಲಿ ಕಥೆಯ ಪ್ರತಿಯೊಂದು ಮಾತೂ ಒಂದೇ ಪರಿಣಾಮಕ್ಕಾಗಿ ದುಡಿಯಬೇಕೆಂದು ವಾದಿಸಿದ. ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಬಂದು ಈ ಪ್ರಕಾರ ಕನ್ನಡದಲ್ಲಿ ಬೇರೂರತೊಡಗಿದಾಗ, ಹದಿನೆಂಟು ವರ್ಣನೆಗಳ ಹೊರೆ ಒಂದೆರಡು ವಾಕ್ಯಗಳ ಹೆಗಲಿಗೆ ಬಿತ್ತು. ಹುಟ್ಟೂರು ಹನೇಹಳ್ಳಿ ಮತ್ತು ಮುಂಬಯಿಗಳ ನಡುವೆ ತೂಗಾಡುವ ಯಶವಂತ ಚಿತ್ತಾಲರ ಕಥಾಲೋಕದಲ್ಲಿ ಊರು ಬದಲಾದೊಡನೆ ಮನುಷ್ಯನ ಭಯದ ಬಣ್ಣವೂ ಬದಲಾಗುವುದು ಆ ಹೊರೆಯನ್ನು ಸಮರ್ಥವಾಗಿ ಹೊತ್ತದ್ದಕ್ಕೆ ಸಾಕ್ಷಿ.

ಹುಬ್ಬಳ್ಳಿ-ಧಾರವಾಡಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದರೂ ಅವುಗಳ ಹವೆ ಒಂದಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ರೈಲು ಮತ್ತು ಅದರ ಕಾರ್ಯಾಗಾರ, ಹತ್ತಿಯ ಪೇಟೆ, ತಕ್ಕಡಿ, ಲೆಕ್ಕದ ಪುಸ್ತಕಗಳು ಹುಬ್ಬಳ್ಳಿಗೆ ಅವಸರದ ನಡಿಗೆ ಕೊಟ್ಟರೆ, ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಅಂಚಿನಲ್ಲಿರುವ ಧಾರವಾಡಕ್ಕೆ ಜಿಟಿಜಿಟಿ ಮಳೆ, ಕೆಂಪು ಹೆಂಚು ಮತ್ತು ಮಾತು ಲಂಬಿಸುವ ಪಡಸಾಲೆಗಳು ಒದಗಿದವು. ಕವಿ ಬೇಂದ್ರೆಯವರು ನೆಲೆಸಿದ್ದ ಸಾಧನಕೇರಿಯೂ, ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಪ್ರಕಾಶನದ ಮಹಡಿಯ ಕಚೇರಿ ‘ಅಟ್ಟ’ವೂ ಸಾಹಿತ್ಯದ ವಿಳಾಸಗಳಾದದ್ದು ಇಂಥ ಊರಿನಲ್ಲಿ.

ಹುಬ್ಬಳ್ಳಿಯಲ್ಲಿ ಬೆಳೆದು ಧಾರವಾಡದಲ್ಲಿ ಓದಿದ ಈ ಪ್ರಬಂಧದ ಲೇಖಕ, ಇಬ್ಬರು ಅಣ್ಣತಮ್ಮಂದಿರ ‘ವಾಟ್ನಿ’, ಅಂದರೆ ಆಸ್ತಿ ಪಾಲು, ಕುರಿತು ತನ್ನ ಮೊದಲ ಕಥೆಯನ್ನು ಬರೆದದ್ದು ಹುಬ್ಬಳ್ಳಿಯ ಬೇಸಗೆಯಲ್ಲಿಟ್ಟು. ಮಾತಿಗೆ ಮಾತು ಬೆಳೆದೊಡನೆ ಒಬ್ಬ ಚಪ್ಪಲಿ ಮೆಟ್ಟಿ ಪೇಟೆಗೆ ನಡೆದುಬಿಡುತ್ತಿದ್ದುದರಿಂದ ಕಥೆ ಲೆಕ್ಕದ ಕಥೆಯಾಗಿಯೇ ಉಳಿಯಿತು, ಅದರ ಆಶಯ, ಎಂದರೆ ಘಟನೆಗಳ ಕೆಳಗೆ ಹರಿಯುವ ವಿಚಾರ, ಲೋಭವನ್ನು ದಾಟಲಿಲ್ಲ. ಅದೇ ಜಗಳವನ್ನು ಧಾರವಾಡದ ಆಷಾಢಕ್ಕೆ ಸಾಗಿಸಿದಾಗ ಹೊರಗೆ ಹೋಗುವ ದಾರಿಯನ್ನು ಮಳೆ ಮುಚ್ಚಿತು; ಮುನಿಸಿಕೊಂಡ ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂರಬೇಕಾಯಿತು, ಮತ್ತು ಒಡೆದ ಹೆಂಚಿನಿಂದ ನೀರು ಸರಿಯಾಗಿ ಪಡಸಾಲೆಯನ್ನು ಇಬ್ಭಾಗಿಸುವ ಪಾಲಿನ ಗೆರೆಯ ಮೇಲೆಯೇ ತೊಟ್ಟಿಕ್ಕತೊಡಗಿತು. ಅಣ್ಣ ಎದ್ದು, ಲೇಖಕನ ಅಜ್ಜಿ ಮಳೆಗಾಲದುದ್ದಕ್ಕೂ ಸೋರುವಲ್ಲಿ ಇಡುತ್ತಿದ್ದಂಥದೇ ಹಿತ್ತಾಳೆಯ ಕೊಡವನ್ನು ಅದರ ಕೆಳಗಿಟ್ಟ. ತುಂಬಿದಾಗ ತಮ್ಮ, ಮಾತಿಲ್ಲದೆ, ಅದನ್ನೊಯ್ದು ಹಿತ್ತಲಲ್ಲಿ ಚೆಲ್ಲಿ ಬಂದ. ಒಂದು ಸಂಭಾಷಣೆಯೂ ಬದಲಾಗದೆ ಕಥೆಯ ಭಾವಸ್ಥಿತಿ ಸಿಟ್ಟಿನಿಂದ ಸಂಕೋಚಕ್ಕೆ, ಆಶಯ ಲೋಭದಿಂದ ಋಣಕ್ಕೆ ಸರಿದಿತ್ತು.

ಈ ಗೆಲುವಿನಿಂದ ಉಬ್ಬಿದ ಲೇಖಕ ಅದೇ ಕೊಡವನ್ನು ಹುಬ್ಬಳ್ಳಿಯ ಕಥೆಗೂ ಒಯ್ದುನೋಡಿದನಾದರೂ, ಏನೂ ಸೋರದ ಆ ಬಿಸಿಲಿನಲ್ಲಿ ಅದು ಪಾಲಿನ ಪಟ್ಟಿಗೆ ಸೇರಿದ ಇನ್ನೊಂದು ಪಾತ್ರೆಯಾಯಿತೇ ಹೊರತು ಬೇರೇನೂ ಆಗಲಿಲ್ಲ.